ಕಳೆ ಬಿತ್ತಿದ ಮಗಳು

ಮೊನ್ನೆ ಪಾಂಡವಪುರದಲ್ಲಿ ಒಂದು ಮದುವೆ. ಮೊದಲ ಪಂಕ್ತಿಯಲ್ಲಿ ಜಾಗ ಸಿಗದ ನಾವೊಂದಿಷ್ಟು ಹೆಂಗಸರು ಛತ್ರದ ಮುಂದಿನ ಹುಲ್ಲುಹಾಸಿನ ಕಟ್ಟೆಯ ಮೇಲೆ ಕೂತು, ಮದುವಣಗಿತ್ತಿಯ ಸೀರೆ ಅವಳ ಬಣ್ಣಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದೆವು. ನಾನು ಶ್ರೀರಂಗಪಟ್ಟಣದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟವಳು. ಇಂಥ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕ ಹೆಚ್ಚು. ಮಾತಿನ ಭರದಲ್ಲಿ ನನ್ನ ಬಲಗೈ ಏನು ಮಾಡುತ್ತಿದೆ ಎಂದು ನಾನು ನೋಡಿರಲಿಲ್ಲ. ಛತ್ರದ ಕಾವಲಿನವನು ಬಂದು, "ಅಕ್ಕಾ, ಬುಡಿ, ಅದ್ಕೆ ಬ್ಯಾರೆ ಆಳವ್ನೆ" ಅಂದಾಗ ತಿರುಗಿ ನೋಡಿದರೆ, ಪಕ್ಕದಲ್ಲಿ ಕಿತ್ತ ಕಳೆಯದೊಂದು ಗುಡ್ಡೆ. ಮೈಮೇಲೆ ರೇಷ್ಮೆ ಸೀರೆ, ಉಗುರಿನ ತುಂಬ ಮಣ್ಣು. ಜೊತೆಯವರು ನಕ್ಕ ನಗುವಿಗೆ ಒಳಗೆ ಉಣ್ಣುತ್ತಿದ್ದವರೂ ಕತ್ತು ಎತ್ತಿ ನೋಡಿದರು.

ಇದೊಂದು ಚಟ. ನಿಮಗೆ ಉಗುರು ಕಚ್ಚುವುದೋ ಕಾಲು ಅಲ್ಲಾಡಿಸುವುದೋ ಇರಬಹುದು, ನನಗೆ ಕಳೆ ಕೀಳುವುದು. ಬಸ್ಸಿಗೆ ಕಾಯುವಾಗ ಕೀಳುತ್ತೇನೆ. ಯಾರದೋ ಮನೆಗೆ ಬಟ್ಟೆ ಕೊಡಲು ಹೋಗಿ, ಬಾಗಿಲು ತೆಗೆಯುವಷ್ಟರಲ್ಲಿ ಅವರ ಕುಂಡ ಹಸನು ಮಾಡಿಟ್ಟಿರುತ್ತೇನೆ. ಒಮ್ಮೆ ಹಾಗೆ ಕಿತ್ತದ್ದು ಅವರು ಬೆಂಗಳೂರಿಂದ ತರಿಸಿ ನೆಟ್ಟ ಏನೋ ಒಂದು ಸೊಪ್ಪು. ಅವರು ಈಗ ಬೇರೆ ಕಡೆ ಹೊಲಿಸುತ್ತಾರೆ.

ಈ ಚಟ ನನಗೆ ಬಂದದ್ದು ಅವ್ವನಿಂದ. ನಮ್ಮೂರು ಸಂತೆಬಾಚಹಳ್ಳಿಯ ಹತ್ತಿರ. ಅಲ್ಲಿ ಅವ್ವನನ್ನು ನಿಂಗಕ್ಕ ಅನ್ನುತ್ತಾರೆ, ಮತ್ತು ನಿಂಗಕ್ಕನ ಹೊಲ ಅಂದರೆ ಒಂದು ಹೆಸರು. ಸುತ್ತಿನ ಹೊಲಗಳಲ್ಲಿ ರಾಗಿ ಯಾವುದು ಹುಲ್ಲು ಯಾವುದು ಎಂದು ಹುಡುಕಬೇಕು; ನಮ್ಮ ಹೊಲದಲ್ಲಿ ರಾಗಿ ಬಿಟ್ಟರೆ ಮಣ್ಣು. "ನಿಂಗಕ್ಕನ ಹೊಲದಾಗೆ ಅನ್ನ ಚೆಲ್ಲುದ್ರೂ ಎತ್ಕೊಂಡು ಉಣ್ಬೌದು" ಎಂದು ಊರಿನವರು ಹೇಳುವುದನ್ನು ಕೇಳುತ್ತಲೇ ನಾನು ಬೆಳೆದೆ. ಅವ್ವನ ಕಿವಿಯಲ್ಲಿ ಒಂದು ಜೊತೆ ಓಲೆ ಬಿಟ್ಟರೆ ಬೇರೆ ಒಡವೆ ನಾನು ಕಂಡಿಲ್ಲ. ಅವಳ ಒಡವೆ ಆ ಹೊಲವೇ ಆಗಿತ್ತು. ನನಗೆ ಬಾಬುರಾಯನಕೊಪ್ಪಲಿನ ಗಂಡು ಗೊತ್ತಾದಾಗ, ಮನೆ ನೋಡಲು ಬಂದ ನಮ್ಮ ಕಡೆಯವರೆಲ್ಲ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರೆ, ಅವ್ವ ಹಿತ್ತಲ ಬಾಗಿಲಿಂದ ಹೊರಟು ಅವರ ಗದ್ದೆಯ ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದಿದ್ದಳು. ಬಂದವಳು ಅಪ್ಪನ ಕಿವಿಯಲ್ಲಿ, "ಪರ್ವಾಗಿಲ್ಲ ಕಣಿ, ಕಳೆ ತಗ್ದವ್ರೆ" ಅಂದಳಂತೆ. ನನ್ನ ಮದುವೆ ಗಟ್ಟಿಯಾದದ್ದು ಹಾಗೆ. ಜಾತಕ ಆಮೇಲೆ ನೋಡಿಸಿದರು.

ರಜಾ ದಿನ ಬಂತೆಂದರೆ ನಾನೂ ಹೆಂಗಸರ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳಬೇಕಿತ್ತು. ಬಿಸಿಲಿಗೆ ಬೆನ್ನು ಸುಡುತ್ತಿತ್ತು. ಮುಂದೆ ಹೋದ ಅವ್ವ ಹಿಂದಕ್ಕೆ ತಿರುಗಿ ನನ್ನ ಸಾಲು ನೋಡುತ್ತಿದ್ದಳು. ಅವಳ ದೊಡ್ಡ ವೈರಿ ಅಣ್ಣೆ. ನಮ್ಮ ಕಡೆ ಅಣ್ಣೆ ಸೊಪ್ಪು ಎಲ್ಲರಿಗೂ ಗೊತ್ತು. ಎಳೆಯದಿದ್ದಾಗ ಸಾರಿಗಾಗುತ್ತದೆ, ಬಿಟ್ಟರೆ ರಾಗಿಯ ತಲೆ ಮೀರಿ ಎದೆಯುದ್ದ ಬೆಳೆದು, ತುದಿಯಲ್ಲಿ ಬತ್ತಿ ಹೊಸೆದ ಹಾಗೆ ಹೂ ಬಿಡುತ್ತದೆ. ಕೆಳಗೆ ಬೆಳ್ಳಿ, ಮೇಲೆ ನಸುಗೆಂಪು. ಹೂವಾಗುವ ತನಕ ಬಿಟ್ಟರೆ ಮುಗಿಯಿತು, ಬೀಜ ಉದುರಿ ಮುಂದಿನ ಮಳೆಗೆ ಇಡೀ ಹೊಲ ಅದರದ್ದೇ. ಆದ್ದರಿಂದ ನಮ್ಮ ಹೊಲದಲ್ಲಿ ಅದಕ್ಕೆ ಹೂವಾಗುವ ವಯಸ್ಸೇ ಬರುತ್ತಿರಲಿಲ್ಲ. ತಮಾಷೆಯೆಂದರೆ, ಒಕ್ಕಣೆ ಮುಗಿದು ಕಣದಲ್ಲಿ ರಾಗಿ ರಾಶಿ ಬಿದ್ದಾಗ ಸಗಣಿಯ ಬೆನಕನನ್ನು ಮಾಡಿ, ಅದರ ತಲೆಗೆ ಗರಿಕೆಯ ಜೊತೆ ಅಣ್ಣೆ ಹೂವನ್ನೇ ಸಿಕ್ಕಿಸಬೇಕು. ಆಗ ಅವ್ವ ಆಚೀಚೆಯವರ ಹೊಲದ ಬದುವಿನಲ್ಲಿ ಹುಡುಕಾಡಿ ಒಂದು ತೆನೆ ತರುತ್ತಿದ್ದಳು. ತರುವಾಗಲೂ ಅವಳ ಮುಖದಲ್ಲಿ ಹೆಮ್ಮೆಯೇ: ದೇವರಿಗೆ ಬೇಕೆಂದರೂ ನಮ್ಮಲ್ಲಿ ಇಲ್ಲ!

ಇಂಥವಳ ಮಗಳು ನಾನು ಅಣ್ಣೆಯನ್ನು ಬಿತ್ತಿ ಬೆಳೆಸಲು ಹೊರಟೆ. ಈಗ ಹೇಳಿಬಿಟ್ಟೆ, ನಗುವವರು ನಗಬಹುದು.

ಆದದ್ದು ಇಷ್ಟೇ. ಹಿಂದಿನ ವರ್ಷದ ಚಳಿಗಾಲದಲ್ಲಿ ಅಂಗಡಿಯ ಪಕ್ಕದವರೆಲ್ಲ ಸೇರಿ ಹೊಸಹೊಳಲಿನ ದೇವಸ್ಥಾನಕ್ಕೆ ಹೋಗಿದ್ದೆವು. ಅವರು ಗೋಡೆಯ ಮೇಲಿನ ಕೆತ್ತನೆ ನೋಡುತ್ತಿದ್ದರು, ನಾನು ಕಲ್ಲಿನ ಸಂದಿಯ ಹುಲ್ಲು ಕೀಳುತ್ತಿದ್ದೆ. ವಾಪಸು ಬರುವಾಗ ದಾರಿಯಲ್ಲಿ ವ್ಯಾನಿನ ಟೈರು ಪಂಚರ್ ಆಯಿತು. ಇಳಿದು ನಿಂತೆವು. ಪಾಳುಬಿದ್ದ ಹೊಲ ಒಂದರ ತುಂಬ ಅಣ್ಣೆ ಹೂ. ಕೈ ತಾನಾಗಿ ಹೋಗಿ ಒಂದನ್ನು ಬುಡಸಮೇತ ಕಿತ್ತಿತು. ಸಂಜೆಯ ಬಿಸಿಲು ಹೂವಿನೊಳಗಿಂದ ಹಾಯುತ್ತಿತ್ತು. ಬಣ್ಣಬಣ್ಣದ ಬಟ್ಟೆಯ ನಡುವೆ ಇಷ್ಟು ವರ್ಷ ಕೂತವಳು, ಅಂಥ ಗುಲಾಬಿಯನ್ನು ಯಾವ ರೇಷ್ಮೆಯಲ್ಲೂ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಇದನ್ನು ಕಿತ್ತಿದ್ದೇನೆ, ಒಂದು ದಿನವೂ ನೋಡಿಲ್ಲವಲ್ಲ ಎಂದು ಮನಸ್ಸಿಗೆ ಒಂಥರಾ ಆಯಿತು. ಯಾರಿಗೂ ಕಾಣದ ಹಾಗೆ ಕರ್ಚೀಫಿನೊಳಗೆ ನಾಲ್ಕು ತೆನೆ ಉಜ್ಜಿಕೊಂಡೆ. ಸಾಸಿವೆಗಿಂತ ಸಣ್ಣ ಬೀಜ, ಎಣ್ಣೆ ಸವರಿದಂತೆ ಕಪ್ಪಗೆ ಮಿರುಗುತ್ತಿದ್ದವು.

ನಮ್ಮ ಹೊಲದಲ್ಲಿ ಬೇಡ ಬೇಡವೆಂದರೂ ಹುಟ್ಟುವ ಅಣ್ಣೆ, ಬಾ ಎಂದು ಕರೆದರೆ ಬರುವುದಿಲ್ಲ. ಮೊದಲ ಸಲ ಅವರೆಕಾಳು ಊರುವಂತೆ ಗುಣಿ ತೋಡಿ ಊರಿದೆ. ಒಂದೂ ಮೇಲೆ ಬರಲಿಲ್ಲ. ಎರಡನೇ ಸಲ ಮೇಲೆಯೇ ಚೆಲ್ಲಿ ಕೊಡದಲ್ಲಿ ನೀರು ಸುರಿದೆ. ಬೀಜವೆಲ್ಲ ತೇಲಿ ಮೋರಿಗೆ ಹೋಯಿತು. ಮೂರನೇ ಸಲ, ಮುಂಗಾರು ಬಿದ್ದ ಮೇಲೆ, ಮರಳಿನ ಜೊತೆ ಬೆರೆಸಿ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ತಟ್ಟಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ನೀರು ಕೊಟ್ಟೆ. ವಾರದೊಳಗೆ ಮನೆಯ ಮುಂದೆ ಕೆಂಪು ಕಾಲಿನ ಪುಟ್ಟ ಸಸಿಗಳು. ಸಂತೋಷದಿಂದ ಬಗ್ಗಿ ನೋಡುತ್ತಿದ್ದಂತೆ ನನ್ನ ಬಲಗೈ ಎರಡನ್ನು ಕಿತ್ತೇ ಬಿಟ್ಟಿತು. ಅಂದಿನಿಂದ ಗಿಡ ನೋಡಲು ಹೋಗುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ, ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ.

ನಮ್ಮ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಒಂದು ಬೆಳಿಗ್ಗೆ ಆಟೋ ಹೊರಡಿಸುವ ಮುಂಚೆ ಸುಮ್ಮನೆ ನಿಂತು ನೋಡಿದರು. "ಊರೋರೆಲ್ಲ ಕಳೆಗೆ ಔಸ್ದಿ ಒಡೀತಾವ್ರೆ. ನೀನು ಗೊಬ್ರ ಆಕ್ತಾ ಇದ್ದೀಯ. ನಡೀಲಿ" ಅಂದರು. ಎದುರು ಮನೆಯ ಸಾಕಮ್ಮ ಕೇಳಿದಾಗ ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಮರುದಿನದಿಂದ ಅವರು ಬೆಳಿಗ್ಗೆ ಬೆಳಿಗ್ಗೆ ಬಂದು ನಾಲ್ಕು ಎಲೆ ಕೇಳತೊಡಗಿದರು. ಕೊಡುವಾಗಲೆಲ್ಲ ಮುಖ ಎತ್ತಿ ನೋಡಲು ನಾಚಿಕೆ.

ಆದರೆ ಅವ್ವನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಫೋನಿನಲ್ಲಿ, "ಮನೆ ಮುಂದೆ ಹೂವಿನ ಗಿಡ ಹಾಕಿವ್ನಿ ಕಣವ್ವ" ಅಂದೆ.

"ಏನ್ ಊವು?"

"ಬ್ಯಾರೆ ಬ್ಯಾರೆ. ಬಂದಾಗ ನೋಡೀಯಂತೆ ಬುಡು."

ಅವ್ವ ಗುಲಾಬಿ, ಸೇವಂತಿಗೆ, ಕನಕಾಂಬರ ಎಂದು ತಾನೇ ಊಹಿಸಿಕೊಂಡಳು. ಊರಿಗೆಲ್ಲ ಹೇಳಿದಳು. ನಾನು ಇಲ್ಲ ಎನ್ನಲಿಲ್ಲ. ನೀನು ಜೀವಮಾನವಿಡೀ ಬೆನ್ನು ಬಗ್ಗಿಸಿ ಕಿತ್ತದ್ದನ್ನು ನಾನು ಬಾಟಲಿಯಲ್ಲಿ ನೀರು ಹಾಕಿ ಸಾಕುತ್ತಿದ್ದೇನೆ ಎಂದು ತಾಯಿಗೆ ಹೇಗೆ ಹೇಳುವುದು?

ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ನನ್ನ ಎದೆ ಮುಟ್ಟಿತ್ತು. ತುದಿಗಳಲ್ಲಿ ಬೆಳ್ಳಗೆ ಮೊಗ್ಗು ಏಳುತ್ತಿತ್ತು, ಬಣ್ಣ ಇನ್ನೂ ಏರಿರಲಿಲ್ಲ. ಮೈಸೂರಿನ ಗಿರಾಕಿ ಮೇಡಂ ಒಬ್ಬರು ರವಿಕೆ ಅಳತೆಗೆ ಬಂದವರು ಮನೆಯ ತನಕ ಬಂದು ಇದನ್ನು ನೋಡಿ, "ಅಯ್ಯೋ ಎಷ್ಟು ಚೆನ್ನಾಗಿದೆ! ಹೂ ಬಿಟ್ಟಾಗ ಹೇಳಿ, ನಮ್ಮ ಫ್ರೆಂಡ್ಸ್‌ನೆಲ್ಲ ಕರಕೊಂಡು ಬರ್ತೀನಿ" ಅಂದಿದ್ದರು. ಆ ಮಾತಿನ ಮೇಲೆ ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡುತ್ತಿದ್ದೆ. ಅವರು ಬರುವುದು ಮುಂದಿನ ಭಾನುವಾರ ಎಂದು ಗೊತ್ತಾಯಿತು. ಅದೇ ವಾರ ಅವ್ವ ಬಂದಳು.

ಬಂದ ದಿನ ಕತ್ತಲಾಗಿತ್ತು, ಗಿಡ ಕಾಣಲಿಲ್ಲ. ಬೆಳಿಗ್ಗೆ ನನಗೆ ಹಬ್ಬದ ಬಟ್ಟೆಗಳ ಅವಸರ. ಅವ್ವ ಏಳುವ ಮುಂಚೆ ಅಂಗಡಿಗೆ ಓಡಿದೆ. ನಿಜ ಹೇಳಬೇಕೆಂದರೆ ಅವಸರ ಅಷ್ಟೇನೂ ಇರಲಿಲ್ಲ. ಅವಳು ಅದನ್ನು ನೋಡುವಾಗ ನಾನು ಎದುರಿಗಿರುವುದು ಬೇಡವಾಗಿತ್ತು.

ಸಂಜೆ ಬಂದರೆ ಬೀದಿಯ ತಿರುವಿನಲ್ಲೇ ಬಸ್ಸಾರಿನ ಒಗ್ಗರಣೆ ಮೂಗಿಗೆ ಬಡಿಯಿತು. ಮನೆಯ ಮುಂದೆ ಬಟಾಬಯಲು. ಮಣ್ಣನ್ನು ಕೈಯಲ್ಲಿ ಸವರಿ ಹಸನು ಮಾಡಿ, ಮೇಲೆ ನೀರು ಚಿಮುಕಿಸಿತ್ತು. ನಟ್ಟನಡುವೆ ಒಂಟಿಯಾಗಿ ಒಂದು ಚೆಂಡುಹೂವಿನ ಗಿಡ, ಯಾವಾಗಲೋ ಎಸೆದ ಹಾರದಿಂದ ತಾನಾಗಿ ಹುಟ್ಟಿಕೊಂಡದ್ದು. ಅದರ ಸುತ್ತ ಅವ್ವ ಚೆಂದದ ಪಾತಿ ಮಾಡಿದ್ದಳು.

ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು, ಮುಖ ಅರಳಿತ್ತು. "ನಿಂಗೆ ಪುರ್ಸೊತ್ತಿಲ್ಲ ಅಂತ ಗೊತ್ತು ಕಣ್ಮಗ. ಊವಿನ ಗಿಡವೆಲ್ಲ ಕಳೆಯೊಳ್ಗೆ ಮುಚ್ಚೋಗಿದ್ವು. ಎಂಗ್ ಬೆಳ್ದಿತ್ತು ಅಂತೀಯ ಅಣ್ಣೆ! ಬೀದೀಲಿ ಓಗೋರೆಲ್ಲ ನೋಡ್ತಾವ್ರೆ. ನಂಗೇ ನಾಚ್ಕೆ ಆಯ್ತು. ಎಲ್ಲ ತಗ್ದೆ. ಇದೊಂದ್ ಉಳ್ದಿತ್ತು, ನೀರಾಕಿವ್ನಿ. ಕುಡಿ ಚಿವುಟಿ ಸಾರ್ ಮಾಡ್ದೆ, ಉಳ್ದುದ್ದ ಸಾಕಮ್ಮನ ಹಸುಗೆ ಆಕ್ದೆ, ಅವ್ಳು ಮನೇಲಿರ್ನಿಲ್ಲ."

ನಾನು ಆಗ ಆಡಿದ ಮಾತನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. ಬೀದಿಗೆ ಕೇಳುವ ಹಾಗೆ ಕೂಗಿದೆ. "ಕಿತ್ತಾಕೋದ್ ಬಿಟ್ರೆ ಇನ್ನೇನವ್ವ ಗೊತ್ತು ನಿಂಗೆ? ಅದೇ ನಾನು ಹಾಕಿದ್ ಹೂವು!"

ಅವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಚೆಂಡುಹೂವಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಅಣ್ಣೆಯ?" ಅಂದಳು. "ಅಣ್ಣೆಯ ಬಿತ್ತಿದ್ಯ?"

ನಾನು ಒಳಗೆ ಹೋಗಿ ಬಾಗಿಲು ದೂಡಿಕೊಂಡೆ. ಐವತ್ತು ದಾಟಿದ ಹೆಂಗಸು, ಹುಡುಗಿಯಂತೆ ಮುಖ ಉಬ್ಬಿಸಿಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕಿಟಕಿಯಿಂದ ನೋಡಿದರೆ, ಅವ್ವ ಸಾಕಮ್ಮನ ಕೊಟ್ಟಿಗೆಯಿಂದ ಹಸು ತಿಂದು ಉಳಿದ ಅಣ್ಣೆಯನ್ನು ತಬ್ಬಿ ತಂದಿದ್ದಳು. ಒಂದೊಂದನ್ನೇ ಮತ್ತೆ ಮಣ್ಣಿಗೆ ಊರಿ, ಬಾಡಿದ ಕಡ್ಡಿಗೆ ಸೌದೆಯ ಚಕ್ಕೆಯ ಆಸರೆ ಕೊಟ್ಟು, ಬಿಂದಿಗೆಯಲ್ಲಿ ನೀರು ಹುಯ್ಯುತ್ತಿದ್ದಳು. ಒಮ್ಮೆ ಕಿತ್ತ ಗಿಡ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲವೇ? ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಕಡೆ ಒರಗುತ್ತಿತ್ತು. ನಾನು ಎದ್ದು ಹೋಗಿ ಅವಳ ಕೈ ಹಿಡಿಯಬೇಕಿತ್ತು. ಹೋಗಲಿಲ್ಲ. ರಾತ್ರಿ ಬಸ್ಸಾರು ಮುದ್ದೆ ಬಡಿಸಿದಳು, ಉಂಡೆವು. ಸಾರು ಬಹಳ ಚೆನ್ನಾಗಿತ್ತು, ಅದನ್ನೂ ನಾನು ಹೇಳಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಅವ್ವ ಹೊರಟುಬಿಟ್ಟಳು. ಹೋಗುವ ಮುಂಚೆ ನನ್ನ ಮಷೀನಿನ ಸೂಜಿಗೆ ದಾರ ಪೋಣಿಸಿ ಹೋಗಿದ್ದಳು. ಅದು ನಮ್ಮಿಬ್ಬರ ವಾಡಿಕೆ. ನನಗೆ ಕನ್ನಡಕ ಹಾಕಿದರೂ ಸೂಜಿಯ ಕಣ್ಣು ಕಾಣದು, ಎಪ್ಪತ್ತು ದಾಟಿದ ಅವಳಿಗೆ ಬರಿಗಣ್ಣಲ್ಲೇ ಕಾಣುತ್ತದೆ. ಮೈಸೂರಿನ ಮೇಡಂಗೆ ಫೋನು ಮಾಡಿ ಗಿಡಕ್ಕೆ ಹುಳ ಬಿತ್ತು ಎಂದು ಸುಳ್ಳು ಹೇಳಿದೆ. "ಹೌದಾ, ಛೆ" ಅಂದರು. ಅವರು ಅದನ್ನು ಮರೆತೇ ಬಿಟ್ಟಿದ್ದರೆಂದು ದನಿಯಲ್ಲೇ ಗೊತ್ತಾಯಿತು. ಇವರಿಗಾಗಿ ನಾನು ಅವ್ವನನ್ನು ಹಾಗೆ ಅಂದೆನಲ್ಲ.

ಆಮೇಲೆ ಅವ್ವ ಬರಲಿಲ್ಲ. ಫೋನು ಮಾಡಿದರೆ ಹಾಲು ಕರೆಯುವ ಹೊತ್ತು, ಉಣ್ಣುವ ಹೊತ್ತು ಎಂದು ಬೇಗ ಇಡುತ್ತಿದ್ದಳು. ತಪ್ಪಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಆ ಮಾತು ಆಡಿ ಅಭ್ಯಾಸವಿಲ್ಲ.

ರಾಗಿ ಹಣ್ಣಾಗುವ ಹೊತ್ತಿಗೆ ತಮ್ಮ ಫೋನು ಮಾಡಿದ. ಅವ್ವ ಇರುವುದು ಅವನ ಜೊತೆ.

"ಅಕ್ಕ, ಅವ್ವನ್ಗೆ ಏನೋ ಆಗದೆ ಕಣಕ್ಕ. ಒಲದಾಗೆ ಕಳೆ ಬುಟ್ಟವ್ಳೆ."

"ಅವ್ವ? ಕಳೆ ಬುಟ್ಟವ್ಳ?"

"ಊಂ ಕಣಕ್ಕ. ನಾನ್ ಕೀಳಾಕ್ ಓದ್ರೂ ಬೈತಾಳೆ. ಕೇಳುದ್ರೆ ಕಣ್ಣು ಕಾಣಾಕಿಲ್ಲ ಅಂತಾಳೆ. ಊರೆಲ್ಲ ಅದೇ ಮಾತು, ನಿಂಗಕ್ಕನ ಕಾಲ ಮುಗೀತು ಅಂತ. ಒಂದ್ಸಲ ಬಂದು ಡಾಕ್ಟ್ರಿಗೆ ತೋರ್ಸು."

ಅಂಗಡಿಗೆ ಬೀಗ ಹಾಕಿ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಲ್ಲಿ ತಪ್ಪಾಯಿತು ತಪ್ಪಾಯಿತು ಎಂದು ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಅವ್ವ ಇರಲಿಲ್ಲ. ಹೊಲಕ್ಕೆ ಹೋದೆ.

ದೂರದಿಂದಲೇ ಕಂಡಿತು. ಕಂದು ಬಣ್ಣಕ್ಕೆ ತಿರುಗಿದ ರಾಗಿಯ ನಟ್ಟನಡುವೆ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ, ರಾಗಿಗಿಂತ ಎತ್ತರಕ್ಕೆ ಅಣ್ಣೆ ಹೂವಾಗಿ ನಿಂತಿತ್ತು. ಬೆಳ್ಳಿ, ಮೇಲೆ ಗುಲಾಬಿ. ಉಳಿದ ಹೊಲದಲ್ಲಿ ಒಂದು ಎಸಳು ಹುಲ್ಲಿಲ್ಲ. ಕಣ್ಣು ಕಾಣದವಳು ಕಳೆ ಬಿಟ್ಟ ಹೊಲ ಹಾಗಿರುವುದಿಲ್ಲ. ನಾನು ಬದುವಿನ ಮೇಲೆ ನಿಂತುಬಿಟ್ಟೆ. ಅವ್ವ ಅಲ್ಲೇ ಇದ್ದಳು, ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೀಜ ಇನ್ನೊಂದ್ ವಾರಕ್ಕೆ ಗಟ್ಟಿ ಆಯ್ತದೆ" ಅಂದಳು. "ನಾನೇ ಉಜ್ಜಿ ಕಳುಸ್ತಿದ್ದೆ. ಬರೋ ತಂಟೆ ಯಾಕ್ ತಗಂಡೆ?"

ಬಸ್ಸಿನಲ್ಲಿ ಕಲಿತ ಪಾಠ ಒಪ್ಪಿಸಲು ಬದುವಿನಿಂದ ಇಳಿದೆ. ಅಷ್ಟರಲ್ಲಿ ಪಕ್ಕದ ಹೊಲದ ದೇವೀರತ್ತೆ ಹುಲ್ಲಿನ ಹೊರೆ ಇಳಿಸಿ ಬದುವಿಗೆ ಬಂದರು. ಅವ್ವನ ಓರಗೆಯವರು, ಸಾಲಿನಲ್ಲಿ ಜೊತೆಗೆ ಕಳೆ ಕಿತ್ತವರು.

"ಬಂದ್ಯವ್ವ? ಒಳ್ಳೇದಾಯ್ತು. ನೋಡು ನಿಮ್ಮವ್ವನ ಒಲವ. ಯಾವತ್ತಾರ ಇಂಗ್ ಇತ್ತಾ? ನಂಗೇ ಕರುಳು ಚುರ್ ಅಂತದೆ."

"ಕಣ್ ಕಾಣಾಕಿಲ್ಲ ಕಣ್ ದೇವೀರಿ" ಅಂದಳು ಅವ್ವ, ನೆಲ ನೋಡುತ್ತಾ.

"ಮೊನ್ನೆ ನನ್ ಕಾಲಾಗಿನ ಮುಳ್ಳ ನೀನೇ ತಗ್ದ್ಯಲ್ಲ?"

"ಒಂದಿನ ಕಾಣ್ತದೆ, ಒಂದಿನ ಕಾಣಾಕಿಲ್ಲ."

ದೇವೀರತ್ತೆ ನಿಟ್ಟುಸಿರು ಬಿಟ್ಟರು. "ಆಯ್ತು ಬುಡು, ನಾನಿಲ್ವ? ಈಗ್ಲೇ ತಗ್ದಾಕ್ತೀನಿ" ಎಂದು ಸೀರೆ ಎತ್ತಿ ಸಿಕ್ಕಿಸಿ, ರಾಗಿಯ ನಡುವೆ ಜಾಗ ಮಾಡಿಕೊಂಡು ಹೋಗಿ, ಅಣ್ಣೆಯ ಬುಡಕ್ಕೆ ಕೈ ಹಾಕಿದರು. ಅವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅವಳು ನನ್ನ ಕಡೆ ನೋಡಲೇ ಇಲ್ಲ. ಮಗಳು ಕಳೆ ಬಿತ್ತುವವಳು ಎಂದು ಊರಿಗೆ ಗೊತ್ತಾಗುವುದಕ್ಕಿಂತ, ತಾನು ಕುರುಡಿ ಎನ್ನಿಸಿಕೊಳ್ಳುವುದೇ ಅವಳಿಗೆ ವಾಸಿಯಾಗಿತ್ತು. ಅದು ಅರ್ಥವಾದಾಗ ನನಗಾದ ನಾಚಿಕೆಯ ಮುಂದೆ ಛತ್ರದ ನಾಚಿಕೆ, ಸಾಕಮ್ಮನ ಮುಂದಿನ ನಾಚಿಕೆ ಏನೇನೂ ಅಲ್ಲ.

"ಅತ್ತೆ, ಕೀಳ್ಬ್ಯಾಡಿ!" ನನ್ನ ದನಿ ನನಗೇ ಜೋರಾಗಿ ಕೇಳಿತು. "ಅದು ನಂದು. ಅವ್ವ ನಂಗೋಸ್ಕರ ಬುಟ್ಟಿರೋದು. ನಾನು ಅದ್ನ ಮನೆ ಮುಂದೆ ಬಿತ್ತಿ ಬೆಳೆಸ್ತೀನಿ. ಅವ್ವನ ಕಣ್ಣು ಚೆನ್ನಾಗೇ ಅವೆ. ತಪ್ಪೆಲ್ಲ ನಂದು ಕಣತ್ತೆ."

ದೇವೀರತ್ತೆ ಬಗ್ಗಿದಲ್ಲೇ ಕತ್ತು ತಿರುಗಿಸಿದರು. "ಅಣ್ಣೆಯ?" ಅಂದರು, ಥೇಟು ಅವ್ವ ಅಂದ ಹಾಗೆಯೇ. "ಬಿತ್ತೀಯ?"

"ಊಂ."

ಅವರು ನಿಧಾನವಾಗಿ ನೆಟ್ಟಗಾದರು. ನನ್ನನ್ನು ನೋಡಿದರು, ಹೂವನ್ನು ನೋಡಿದರು, ಕೊನೆಗೆ ಅವ್ವನ ಕಡೆ ನೋಡಿದ್ದರಲ್ಲಿ ಇಷ್ಟು ದಿನದ ಮರುಕ ಇರಲಿಲ್ಲ, ಬೇರೆಯ ಥರದ ಮರುಕ ಇತ್ತು. ಹೊರೆ ಎತ್ತಿಕೊಂಡು ಊರಿನ ದಾರಿ ಹಿಡಿದರು. ನಡಿಗೆಯ ಬಿರುಸು ನೋಡಿದರೆ ಸುದ್ದಿ ಅವರಿಗಿಂತ ಮುಂಚೆ ಊರು ಸೇರುವಂತಿತ್ತು.

ನಾವಿಬ್ಬರೇ ಉಳಿದೆವು.

"ಆಯ್ತಲ್ಲ, ಊರ್ಗೆಲ್ಲ ಗೊತ್ತಾಯ್ತು" ಅಂದಳು ಅವ್ವ. "ಇನ್ ನನ್ ಕಣ್ಣು ಕಾಣ್ತವೆ ಬುಡು."

ಸೆರಗು ಸಿಕ್ಕಿಸಿಕೊಂಡು ರಾಗಿಯೊಳಗೆ ಹೋದಳು, ಹೂವಿನ ತೆನೆಗಳನ್ನು ಒಂದು ಕೈಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಗ್ಗಿದಳು. ಅಣ್ಣೆಯ ಬುಡದಲ್ಲಿ ಅದೆಲ್ಲಿ ಅಡಗಿತ್ತೋ, ನನಗಂತೂ ಕಂಡಿರಲಿಲ್ಲ, ಒಂದೆಳೆ ಹುಲ್ಲನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಬದುವಿನ ಮೇಲೆ ಎಸೆದಳು.